ಮಾಳಿಗೆ ಕೆಡಹುವವರಿಗೆ ಒಂದು ಲೆಕ್ಕ

ಕಳೆದ ತಿಂಗಳು ನನ್ನ ತಮ್ಮನ ಮಗ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಅವನು ಸಿವಿಲ್ ಎಂಜಿನಿಯರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. "ದೊಡ್ಡಪ್ಪ, ಹಿತ್ತಲ ಕಡೆಯ ಆ ಹಳೇ ಮಾಳಿಗೆ ಬಿಚ್ಚಿಸಿಬಿಡಿ. ಜಂತೆಗೆಲ್ಲ ಗೆದ್ದಲು ಹಿಡಿದಿದೆ. ಕಬ್ಬಿಣದ ಪೈಪು ನಿಲ್ಲಿಸಿ ಮೇಲೆ ಶೀಟು ಹೊದಿಸಿದರೆ ನಾಲ್ಕು ದಿನದ ಕೆಲಸ. ಖರ್ಚು ನಾನು ನೋಡ್ಕೋತೀನಿ" ಎಂದ. ಅವನ ಮಾತಿನಲ್ಲಿ ಪ್ರೀತಿಯಿತ್ತು, ಲೆಕ್ಕವೂ ಇತ್ತು. ಆದರೆ ಆ ಲೆಕ್ಕದಲ್ಲಿ ಒಂದು ಪದ ಬಿಟ್ಟುಹೋಗಿತ್ತು. ಫೋನಿನಲ್ಲಿ "ಆಗಲಿ, ನೋಡೋಣಪ್ಪ" ಎಂದು ಸುಮ್ಮನಾದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಅವನೊಬ್ಬನಿಗೇ ಅಲ್ಲ. ನನ್ನ ಕೈಕೆಳಗೆ ಕಲಿತು ಇಂದು ಎಂಜಿನಿಯರು, ಗುತ್ತಿಗೆದಾರ, ಮೇಸ್ತ್ರಿ, ಮನೆ ಮಾಲೀಕರಾಗಿರುವ ನಿಮ್ಮೆಲ್ಲರಿಗೂ ಸಲ್ಲಬೇಕಾದ ಉತ್ತರ. ಮೊದಲಿಗೆ ನನಗೇ ಸಲ್ಲಬೇಕಾದುದು. ಏಕೆಂದರೆ ಆ ಪದವನ್ನು ಬಿಟ್ಟು ಪಾಠ ಹೇಳಿದವನು ನಾನೇ.

ತುರುವನೂರಿನಲ್ಲಿ ಹುಟ್ಟಿ ಬೆಳೆದವರಿಗೆ ಮಾಳಿಗೆ ಮನೆಯ ವರ್ಣನೆ ಬೇಕಿಲ್ಲ. ಆದರೆ ಈ ಪುಟವನ್ನು ಓದುವ ಮೊಮ್ಮಕ್ಕಳಿಗಾಗಿ ಎರಡು ಮಾತು. ಕಲ್ಲು ಮಣ್ಣಿನಿಂದ ಕಟ್ಟಿದ ಎರಡಡಿ ದಪ್ಪದ ಗೋಡೆ. ನಡುವೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಜಂತೆಯ ಮೇಲೆ ಗಳ ಹಾಸಿ, ಸೊಪ್ಪು ಹುಲ್ಲು ಹರಡಿ, ಅದರ ಮೇಲೆ ಮಣ್ಣು ಸುರಿದು ತುಳಿದು ಗಟ್ಟಿ ಮಾಡುತ್ತಿದ್ದರು. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಕರಲು ಮಣ್ಣೆಂದೂ ಕರೆಯುತ್ತಾರೆ. ಮಳೆ ಬಿದ್ದಾಗ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯುವುದಿಲ್ಲ. ಬೆಳೆಗೆ ಬಾರದ ಮಣ್ಣು ಮನೆಗೆ ಬಂದದ್ದು ಹೀಗೆ. ಎಲ್ಲ ಸೇರಿ ಮಾಳಿಗೆಯ ದಪ್ಪ ಸುಮಾರು ಒಂದಡಿ. ನಡುವೆ ಬೆಳಕಿಗೊಂದು ಗವಾಕ್ಷಿ. 1939ರಲ್ಲಿ ನಮ್ಮೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆದಾಗ ಈಚಲು ಮರ ಕಡಿಯಲು ಹೊರಟ ನಮ್ಮ ಹಿರಿಯರು ಹಿಂದಿನ ರಾತ್ರಿ ಮಲಗಿದ್ದುದು ಇಂಥ ಮಾಳಿಗೆಗಳ ಕೆಳಗೇ ಇರಬೇಕು.

1986ರಲ್ಲಿ ನಾನು ನಮ್ಮ ಮನೆಯ ಮುಂಭಾಗದ ಮಾಳಿಗೆಯನ್ನು ಕೆಡವಿ ಆರ್.ಸಿ.ಸಿ. ಹಾಕಿಸಿದೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ "ಮೋಲ್ಡ್ ಮನೆ". ಮೇಷ್ಟ್ರ ಮನೆ ಮೋಲ್ಡ್ ಆಯಿತೆಂದು ಊರಿನಲ್ಲಿ ಒಂದಷ್ಟು ಗೌರವವೂ ಹೆಚ್ಚಿತು. ನನ್ನ ತಾಯಿ ಮಾತ್ರ ಹೊಸ ಭಾಗದಲ್ಲಿ ಒಂದು ಬೇಸಿಗೆಯನ್ನೂ ಮಲಗಿ ಕಳೆಯಲಿಲ್ಲ. "ಹಗಲು ಹೆಂಗೋ ಆಗ್ತದೆ, ರಾತ್ರಿ ನಿನ್ನ ಮೋಲ್ಡ್ ಮೇಲಿಂದ ಕೆಂಡ ಸುರೀತದಪ್ಪ" ಎಂದು ಚಾಪೆ ಸುತ್ತಿಕೊಂಡು ಹಿಂದಿನ ಮಾಳಿಗೆಗೆ ಹೋಗಿಬಿಟ್ಟರು. 1998ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಮಲಗಿದರು. ಹಳೆಯ ಕಾಲದವರ ಹಟವೆಂದು ನಾನು ಒಳಗೊಳಗೇ ನಕ್ಕಿದ್ದೆ. ನಾನು ವಿಜ್ಞಾನದ ಮೇಷ್ಟ್ರು. ಅವರು ಅಕ್ಷರ ಕಲಿಯದವರು.

ಅದೇ ವರ್ಷಗಳಲ್ಲಿ ಒಂದು ಏಪ್ರಿಲ್ ತಿಂಗಳು, ಪರೀಕ್ಷೆಗೆ ಮುಂಚಿನ ಪುನರಾವರ್ತನೆಯ ತರಗತಿ. ಕಪ್ಪುಹಲಗೆಯ ಮೇಲೆ ವಿಶಿಷ್ಟೋಷ್ಣದ ಸೂತ್ರ ಬರೆದು ಮೂರು ಲೆಕ್ಕ ಬಿಡಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು "ಸಾರ್, ನಮ್ಮ ಹೊಸ ಮನೆ ರಾತ್ರಿ ಯಾಕೆ ಅಷ್ಟು ಕಾಯ್ತದೆ? ಹಳೇದು ಕಾಯ್ತಿರಲಿಲ್ಲ" ಎಂದು ಕೇಳಿದ. ನಾನು ಹೇಳಿದ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ: "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ." ಆ ಹುಡುಗ ಕೂತ. ಆ ಪ್ರಶ್ನೆಯೂ ಕೂತುಬಿಟ್ಟಿತು. ನನ್ನ ತಾಯಿ ಹೇಳಿದ್ದೂ ಆ ಹುಡುಗ ಕೇಳಿದ್ದೂ ಹಲಗೆಯ ಮೇಲಿದ್ದ ಸೂತ್ರವೂ ಒಂದೇ ಎಂಬುದು ನನಗೆ ಹೊಳೆಯಲಿಲ್ಲ.

ಆ ಸೂತ್ರವನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಒಂದು ವಸ್ತು ಹೀರಿಕೊಳ್ಳುವ ಉಷ್ಣ ಎಂದರೆ ಅದರ ರಾಶಿ, ಅದರ ವಿಶಿಷ್ಟೋಷ್ಣ, ಅದರ ತಾಪದ ಏರಿಕೆ, ಈ ಮೂರರ ಗುಣಲಬ್ಧ. 1760ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕರು, ಒಂದೇ ತೂಕದ ಬೇರೆಬೇರೆ ವಸ್ತುಗಳನ್ನು ಅಷ್ಟೇ ಬಿಸಿ ಮಾಡಲು ಬೇರೆಬೇರೆ ಪ್ರಮಾಣದ ಉಷ್ಣ ಬೇಕೆಂದು ತೋರಿಸಿದರು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಬೇಕು. ಕಲ್ಲಿಗೆ ಸುಮಾರು 0.8, ಒಣಮಣ್ಣಿಗೆ 0.8ರಿಂದ 0.9, ಕಾಂಕ್ರೀಟಿಗೆ ಸುಮಾರು 0.9, ಅಲ್ಯೂಮಿನಿಯಮ್ಮಿಗೆ 0.9, ಕಬ್ಬಿಣಕ್ಕೆ 0.45. ಈ ಅಂಕಿಗಳನ್ನು ಮೂವತ್ತನಾಲ್ಕು ವರ್ಷ ಬರೆಸಿದೆ. ಅಂಕಿಗಳು ಸರಿಯಾಗಿಯೇ ಇದ್ದವು.

ಈಗ ಮಣ್ಣಿನ ಮನೆಯ ಅಭಿಮಾನಿಗಳ ಕಡೆಗೆ ತಿರುಗುತ್ತೇನೆ. ಇವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ನಗರದಿಂದ ಬಂದು ಎರಡು ದಿನ ಮಣ್ಣಿನ ಗುಡಿಸಲಿನಲ್ಲಿ ದುಡ್ಡು ಕೊಟ್ಟು ತಂಗಿ, "ಮಣ್ಣಿಗೆ ಜೀವವಿದೆ, ಅದು ಉಸಿರಾಡುತ್ತದೆ, ಆದ್ದರಿಂದ ತಂಪು" ಎಂದು ಹೇಳಿ ಹೋಗುವವರು. ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಕಿಲೋ ಲೆಕ್ಕದಲ್ಲಿ ಮಣ್ಣಿಗೂ ಕಾಂಕ್ರೀಟಿಗೂ ಕಲ್ಲಿಗೂ ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಇದರ ಹಿಂದೆ ಒಂದು ಸೊಗಸಾದ ಕಾರಣವೂ ಇದೆ. 1819ರಲ್ಲಿ ಫ್ರಾನ್ಸಿನ ಡ್ಯೂಲಾಂಗ್ ಮತ್ತು ಪೆಟಿ ಎಂಬಿಬ್ಬರು, ಘನ ಮೂಲವಸ್ತುಗಳಲ್ಲಿ ಒಂದೊಂದು ಪರಮಾಣುವೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಉಷ್ಣವನ್ನು ಹಿಡಿಯುತ್ತದೆ ಎಂದು ಕಂಡುಕೊಂಡರು. ಕಬ್ಬಿಣದ ಪರಮಾಣು ಅಲ್ಯೂಮಿನಿಯಮ್ಮಿನದಕ್ಕಿಂತ ಎರಡರಷ್ಟು ತೂಕ. ಹಾಗಾಗಿ ಒಂದು ಕಿಲೋ ಕಬ್ಬಿಣದಲ್ಲಿ ಪರಮಾಣುಗಳ ಸಂಖ್ಯೆ ಅರ್ಧ, ವಿಶಿಷ್ಟೋಷ್ಣವೂ ಅರ್ಧ. ಮಣ್ಣು ಯಾವ ಮಂತ್ರವನ್ನೂ ಬಲ್ಲದು. ಮಾಳಿಗೆ ತಂಪಾಗಿದ್ದುದು ಮಣ್ಣೆಂಬ ಕಾರಣಕ್ಕಲ್ಲ, ಅಷ್ಟೊಂದು ಮಣ್ಣು ಇದ್ದ ಕಾರಣಕ್ಕೆ.

ನಾನು ಪಾಠದಲ್ಲಿ ಬಿಟ್ಟ ಪದ ಇದೇ: ರಾಶಿ. ವಿಶಿಷ್ಟೋಷ್ಣ ವಸ್ತುವಿನ ಗುಣ. ಆದರೆ ಚಾವಣಿಯ ಗುಣ ಗೊತ್ತಾಗಬೇಕಾದರೆ ವಿಶಿಷ್ಟೋಷ್ಣವನ್ನು ರಾಶಿಯಿಂದ ಗುಣಿಸಬೇಕು. ಹಾಗೆ ಗುಣಿಸಿ ಬಂದದ್ದಕ್ಕೆ ಉಷ್ಣಧಾರಕತೆ ಎಂದು ಹೆಸರು. ಬನ್ನಿ, ಒಂದು ಚದರ ಮೀಟರಿನ ಚಾವಣಿಗೆ ಲೆಕ್ಕ ಮಾಡೋಣ.

ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು: ತೂಕ ಸುಮಾರು 4 ಕಿಲೋ. ಒಂದು ಡಿಗ್ರಿ ಏರಲು ಅದಕ್ಕೆ 2 ಕಿಲೋಜೂಲ್ ಕೂಡ ಬೇಡ. ನಾಲ್ಕಂಗುಲದ ಕಾಂಕ್ರೀಟ್: 240 ಕಿಲೋ, ಸುಮಾರು 210 ಕಿಲೋಜೂಲ್. ಒಂದಡಿಯ ಮಣ್ಣಿನ ಮಾಳಿಗೆ: 480 ಕಿಲೋ, ಸುಮಾರು 400 ಕಿಲೋಜೂಲ್. ಶೀಟಿಗೂ ಮಾಳಿಗೆಗೂ ಇರುವುದು ಇನ್ನೂರು ಪಟ್ಟಿಗೂ ಮೀರಿದ ಅಂತರ. ಏಪ್ರಿಲ್ ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 1 ಕಿಲೋಜೂಲ್ ಸುರಿಯುತ್ತದೆ. ಅದರಲ್ಲಿ ಅರ್ಧವನ್ನು ಮಾತ್ರ ಚಾವಣಿ ಹೀರಿತೆಂದೂ ಹೊರಗೆ ಏನೂ ಬಿಡಲಿಲ್ಲವೆಂದೂ ಇಟ್ಟುಕೊಳ್ಳಿ. ಶೀಟು ಒಂದು ಡಿಗ್ರಿ ಏರಲು ಹಿಡಿಯುವ ಕಾಲ ನಾಲ್ಕು ಸೆಕೆಂಡಿಗೂ ಕಡಿಮೆ; ಮಾಳಿಗೆಗೆ ಹದಿಮೂರು ನಿಮಿಷ. ಮೋಡದ ಮರೆಯಿಂದ ಸೂರ್ಯ ಹೊರಬಂದ ಕೆಲವೇ ನಿಮಿಷಗಳಲ್ಲಿ ಶೀಟಿನ ಕೆಳಗೆ ಕುಳಿತವನ ನೆತ್ತಿ ಕಾಯತೊಡಗುವುದು ಇದರಿಂದಲೇ.

ಇಷ್ಟೆಲ್ಲ ಅಂಕಿ ಬೇಡವೆನ್ನುವವರು ಊಟದ ತಟ್ಟೆಯನ್ನು ನೋಡಿ. ಒಲೆಯಿಂದ ಇಳಿದ ರೊಟ್ಟಿ ಎರಡು ಮಾತಾಡುವುದರೊಳಗೆ ಆರಿಹೋಗುತ್ತದೆ. ಮುದ್ದೆಯಾದರೋ ಮೇಲೆ ಆರಿದಂತೆ ಕಂಡರೂ ಮುರಿದರೆ ಒಳಗೆ ಹೊಗೆಯಾಡುತ್ತದೆ. ಮುದ್ದೆಯಲ್ಲಿ ನೀರು ಹೆಚ್ಚು, ರಾಶಿಯೂ ಹೆಚ್ಚು, ಗಾಳಿಗೆ ಒಡ್ಡಿಕೊಳ್ಳುವ ಮೈ ಕಡಿಮೆ. ಶೀಟು ರೊಟ್ಟಿಯಿದ್ದಂತೆ, ಮಾಳಿಗೆ ಮುದ್ದೆಯಿದ್ದಂತೆ. ರೊಟ್ಟಿ ಬೇಗ ಆರುವುದೂ ನಿಜ, ಬೇಗ ಸುಡುವುದೂ ನಿಜ.

"ಹಾಗಾದರೆ ಕಾಂಕ್ರೀಟ್ ಏಕೆ ಕಾಯಬೇಕು? ಅದಕ್ಕೂ 210 ಇದೆಯಲ್ಲ" ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಕೇಳಬೇಕು. ಅಂದು ಆ ಹುಡುಗ ಕೇಳಿದ್ದೂ ಇದನ್ನೇ. ಉತ್ತರ ಇಲ್ಲಿದೆ. ಬಿಸಿಲಿನ ಬಿಸಿ ಚಾವಣಿಯ ಮೇಲ್ಮೈಯಿಂದ ಕೆಳಕ್ಕೆ ಅಲೆಯಂತೆ ಇಳಿಯುತ್ತದೆ. ಎಷ್ಟು ಹೊತ್ತಿಗೆ ಇಳಿಯುತ್ತದೆ, ಇಳಿಯುವಾಗ ಎಷ್ಟು ಕುಗ್ಗುತ್ತದೆ ಎಂಬುದು ದಪ್ಪ, ಉಷ್ಣಧಾರಕತೆ, ಉಷ್ಣವಾಹಕತೆ ಈ ಮೂರನ್ನು ಅವಲಂಬಿಸಿದೆ. ಕಾಂಕ್ರೀಟು ಒಣಮಣ್ಣಿಗಿಂತ ಎರಡು ಮೂರು ಪಟ್ಟು ಸುಲಭವಾಗಿ ಉಷ್ಣವನ್ನು ಹಾಯಿಸುತ್ತದೆ. ದಪ್ಪವೂ ಮೂರರಲ್ಲಿ ಒಂದು ಪಾಲು. ನಾಲ್ಕಂಗುಲದ ಕಾಂಕ್ರೀಟನ್ನು ದಾಟಲು ಅಲೆಗೆ ಮೂರು ಗಂಟೆಯಷ್ಟು ಸಾಕು, ಅದರ ಏರಿಳಿತ ಅರ್ಧಕ್ಕೆ ಇಳಿದಿರುತ್ತದೆ ಅಷ್ಟೆ. ಒಂದಡಿಯ ಮಣ್ಣನ್ನು ದಾಟಲು ಹತ್ತು ಹನ್ನೊಂದು ಗಂಟೆ ಬೇಕು, ಅಷ್ಟರಲ್ಲಿ ಏರಿಳಿತ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಇವು ಅಂದಾಜಿನ ಲೆಕ್ಕಗಳು. ಮಣ್ಣಿನ ಹದ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೆ ಒಟ್ಟು ಅರ್ಥ ಬದಲಾಗುವುದಿಲ್ಲ. ಕಾಂಕ್ರೀಟು ಮಧ್ಯಾಹ್ನದ ಬಿಸಿಯನ್ನು ಸಂಜೆಗೆ ಒಳಗಿಳಿಸುತ್ತದೆ. ಹೀರಿಟ್ಟುಕೊಂಡದ್ದು ಬಹಳವಿರುವುದರಿಂದ ನಾವು ಮಲಗಿದ ಮೇಲೂ ಬಹಳ ಹೊತ್ತು ಅದನ್ನು ಕೆಳಕ್ಕೆ ಸುರಿಯುತ್ತಲೇ ಇರುತ್ತದೆ. ನನ್ನ ತಾಯಿ ಕೆಂಡವೆಂದದ್ದು ಅದನ್ನೇ. ಮಾಳಿಗೆಯಲ್ಲಿ ಅದೇ ಬಿಸಿ ನಡುರಾತ್ರಿಯ ಹೊತ್ತಿಗೆ, ಗವಾಕ್ಷಿಯಿಂದ ತಣ್ಣನೆಯ ಗಾಳಿ ಇಳಿಯುವಾಗ, ಗುರುತು ಸಿಗದಷ್ಟು ಕುಗ್ಗಿ ಬಂದು ತಲಪುತ್ತದೆ.

ಚಿತ್ರದುರ್ಗದವರಿಗೆ ಇದು ಹೊಸ ಸಂಗತಿಯಾಗಬಾರದು. ಬೇಸಿಗೆಯ ಸಂಜೆ ಕೋಟೆಯ ಬಂಡೆಗಳ ಮೇಲೆ ಕುಳಿತವರೆಲ್ಲ ಬಲ್ಲರು: ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಬಂಡೆ ಬೆಚ್ಚಗೇ ಇರುತ್ತದೆ. ಬಂಡೆಯ ಮೇಲೆ ಕೂರುವುದು ಒಂದು ಗಂಟೆಯ ಸುಖ. ಅದನ್ನೇ ತಲೆಯ ಮೇಲೆ ಹೊದ್ದು ರಾತ್ರಿಯಿಡೀ ಮಲಗುವುದು ಬೇರೆ ಮಾತು.

ಮೋಲ್ಡ್ ಮನೆಯವರು ಇದಕ್ಕೊಂದು ಮದ್ದು ಕಂಡುಕೊಂಡಿದ್ದಾರೆ. ಸಂಜೆ ತಾರಸಿಗೆ ಬಿಂದಿಗೆಗಟ್ಟಲೆ ನೀರು ಸುರಿಯುವುದು. ವಿಜ್ಞಾನದ ದೃಷ್ಟಿಯಿಂದ ಮದ್ದು ಸರಿಯಾಗಿದೆ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು 2,400 ಕಿಲೋಜೂಲ್ ಹೊತ್ತೊಯ್ಯುತ್ತದೆ; ಒಂದು ಚದರ ಮೀಟರ್ ಕಾಂಕ್ರೀಟನ್ನು ಹತ್ತು ಡಿಗ್ರಿ ಇಳಿಸಲು ಇಷ್ಟು ಸಾಕು. ಆದರೆ ಸುರಿದದ್ದೆಲ್ಲ ಆವಿಯಾಗುವುದಿಲ್ಲ, ಹೆಚ್ಚಿನದು ಮೋರಿಗೆ ಹೋಗುತ್ತದೆ. ಬೇಸಿಗೆ ಬಂದರೆ ಕೊಳವೆಬಾವಿಗಳು ಬತ್ತುವ ನಮ್ಮ ಸೀಮೆಯಲ್ಲಿ, ಕುಡಿಯುವ ನೀರಿಗೆ ಕೊಡ ಸಾಲಿಟ್ಟು ಕಾಯುವ ಊರಿನಲ್ಲಿ, ಮನೆಯ ತಲೆಗೆ ನೀರೆರೆಯುವ ಮದ್ದು ಎಷ್ಟು ದಿನ ನಡೆದೀತು?

ನನ್ನ ವಾದವನ್ನು ಯಾರೂ ತಪ್ಪಾಗಿ ತಿಳಿಯಬಾರದು. ಭಾರದ ಚಾವಣಿ ಎಲ್ಲೆಡೆಗೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹಗಲಿಗೂ ರಾತ್ರಿಗೂ ತಾಪದ ಅಂತರ ಹೆಚ್ಚಿರುವ ನಮ್ಮಂಥ ಬಯಲುಸೀಮೆಯಲ್ಲಿ ಮಾತ್ರ ಅದಕ್ಕೆ ಬೆಲೆ. ಹಗಲು ಹೀರಿದ್ದನ್ನು ಬಿಡಲು ತಂಪಾದ ರಾತ್ರಿ ಬೇಕಲ್ಲವೆ? ಕರಾವಳಿಯಲ್ಲಿ ರಾತ್ರಿಯೂ ಸೆಕೆ; ಅಲ್ಲಿ ಗಾಳಿಯಾಡುವ ಹಗುರ ಚಾವಣಿಯೇ ಸರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಆ ಸೀಮೆಗೆ ಚೆನ್ನಾಗಿಯೇ ಹೊಂದಿಕೊಂಡಿತು. ನಮ್ಮ ಹಿರಿಯರು ಮಣ್ಣು ಹೊತ್ತರು, ಅವರ ಹಿರಿಯರು ಹೊರಲಿಲ್ಲ. ಇಬ್ಬರೂ ದಡ್ಡರಾಗಿರಲಿಲ್ಲ. ದಡ್ಡತನವೆಂದರೆ ಮಂಗಳೂರು, ಬೆಂಗಳೂರು, ತುರುವನೂರು ಮೂರಕ್ಕೂ ಒಂದೇ ನಕ್ಷೆ ಬರೆಯುವುದು.

ಮಾಳಿಗೆಯ ದೋಷಗಳನ್ನೂ ಮುಚ್ಚಿಡಲಾರೆ. ಅದರ ಭಾರವೇ ಅದರ ಗುಣ, ಭಾರವೇ ಅದರ ದೋಷ. ಹೊರಲು ಗಟ್ಟಿಮರ ಬೇಕು; ಇಂದು ಅಂಥ ಮರದ ಬೆಲೆ ಕೇಳುವಂತಿಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಬೇಕು. ಇಲಿ ಹೆಗ್ಗಣ ತೋಡುತ್ತವೆ, ಚೇಳು ಉದುರುತ್ತದೆ. ವಾರಗಟ್ಟಲೆ ಮಳೆ ಹಿಡಿದರೆ ನೀರು ಕುಡಿದ ಮಣ್ಣು ಇನ್ನಷ್ಟು ಭಾರವಾಗಿ, ಗೋಡೆ ನೆನೆದು, ಮಲಗಿದವರ ಮೇಲೆಯೇ ಕುಸಿಯುವುದುಂಟು. ಸೋರುವ ಮಾಳಿಗೆಯನ್ನೇ ಶಿಶುನಾಳ ಶರೀಫರು ತತ್ತ್ವಪದದ ವಸ್ತುವಾಗಿಸಿದರು ಎಂದರೆ ಆ ಸೋರುವಿಕೆ ಎಷ್ಟು ಮನೆಮಾತಾಗಿತ್ತೆಂದು ಊಹಿಸಿ. ಇದೆಲ್ಲವನ್ನು ಅನುಭವಿಸಿದ ಬಡವನೊಬ್ಬ ಇದ್ದ ದುಡ್ಡಿನಲ್ಲಿ ಶೀಟು ಹೊದಿಸಿಕೊಂಡರೆ ಅವನನ್ನು ಟೀಕಿಸಲು ನನಗೆ ಬಾಯಿಲ್ಲ. ಅವನಿಗೆ ಅದು ಸೋರದ ಮೊದಲ ಸೂರು.

ನನ್ನ ಜಗಳ ದುಡ್ಡಿದ್ದೂ ಶೀಟು ಹಾಕುವವರೊಡನೆ. ನನ್ನ ನೆಂಟರಲ್ಲಿಯೇ ಮೂರು ನಾಲ್ಕು ಮಂದಿ ತಮ್ಮ ತಾರಸಿಯ ಮೇಲೆ ಶೀಟಿನ ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಕೆಳಗೆ ತಾವು ಏ.ಸಿ. ಹಾಕಿಕೊಂಡು ಮಲಗುತ್ತಾರೆ. ಮೇಲೆ ಗಾರ್ಮೆಂಟಿನ ಹುಡುಗಿಯರೋ ಗಾರೆ ಕೆಲಸದವರೋ ಬೇಯುತ್ತಾರೆ. 2024ರ ಏಪ್ರಿಲ್ ತಿಂಗಳ ಬಿಸಿಲು ಯಾರಿಗೂ ಮರೆತಿರಲಾರದು. ಆ ದಿನಗಳಲ್ಲಿ ಆ ಕೋಣೆಗಳಲ್ಲಿ ಒಂದು ಮಧ್ಯಾಹ್ನವಾದರೂ ಮಾಲೀಕರು ಕುಳಿತು ನೋಡಿದ್ದರೆ? "ಫ್ಯಾನು ಇದೆಯಲ್ಲ" ಎನ್ನುತ್ತಾರೆ. ಕಾದ ಶೀಟಿನಿಂದ ಇಳಿಯುವ ಉಷ್ಣವಿಕಿರಣವನ್ನು ಫ್ಯಾನು ತಡೆಯಲಾರದು. ಅದು ಕೋಣೆಯ ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಊದುತ್ತದೆ. ಶೀಟಿನ ಕೆಳಗೆ ಮಕ್ಕಳನ್ನು ಕೂರಿಸಿ ಪಾಠ ಹೇಳುವ ಕೊಠಡಿಗಳನ್ನೂ ಕಂಡಿದ್ದೇನೆ. ಅಲ್ಲಿ ಹಲಗೆಯ ಮೇಲೆ ವಿಶಿಷ್ಟೋಷ್ಣದ ಸೂತ್ರವನ್ನೂ ಬರೆಯುತ್ತಿರಬಹುದು.

ಹಾಗಾದರೆ ಏನು ಮಾಡಬೇಕು? ಎಂಜಿನಿಯರುಗಳಾದ ನಿಮಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕೆ.ಎಸ್. ಜಗದೀಶ್ ಮೊದಲಾದವರು ಅಲ್ಲಿ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ದುಡಿದರು. ಮಳೆಗೆ ಕರಗದ ಮಣ್ಣಿನ ಗೋಡೆ ಇಂದು ಕನಸಲ್ಲ. ಅದೇ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಜಿಲ್ಲೆಯ ಕುದಾಪುರದಲ್ಲಿಯೇ ಇದೆ. ವಿದ್ಯೆ ಮನೆಬಾಗಿಲಿಗೆ ಬಂದಿದೆ, ನಾವು ಶೀಟಿನ ಅಂಗಡಿಗೆ ಹೋಗುತ್ತಿದ್ದೇವೆ. ಈಗಾಗಲೇ ಮೋಲ್ಡ್ ಇರುವವರು ತಾರಸಿಗೆ ಪ್ರತಿ ಬೇಸಿಗೆಗೆ ಮುನ್ನ ದಪ್ಪವಾಗಿ ಸುಣ್ಣ ಬಳಿಯಿರಿ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಶೀಟು ಇರುವವರು ಅದರ ಮೇಲೆ ಒಂದು ಗೇಣು ಬಿಟ್ಟು ತೆಂಗಿನ ಗರಿಯ ಚಪ್ಪರ ಹಾಕಿ, ಕೆಳಗೆ ಬಿದಿರಿನ ತಟ್ಟಿ ಕಟ್ಟಿ. ಇದರಿಂದ ರಾಶಿ ಹೆಚ್ಚುವುದಿಲ್ಲ, ಆದರೆ ಬಿಸಿಲಾದರೂ ತಪ್ಪುತ್ತದೆ. ಹೊಸದಾಗಿ ಕಟ್ಟುವವರು ಚದರಡಿಗೆ ಎಷ್ಟು ರೂಪಾಯಿ ಎಂದು ಕೇಳಿದ ಮೇಲೆ, ಚದರ ಮೀಟರಿಗೆ ಎಷ್ಟು ಕಿಲೋಜೂಲ್, ಅಲೆ ಒಳಗಿಳಿಯಲು ಎಷ್ಟು ಗಂಟೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳಿ. ಉತ್ತರ ಹೇಳಲಾರದ ಎಂಜಿನಿಯರಿಗೆ ನಕ್ಷೆಯ ಹಣ ಕೊಡಬೇಡಿ. ಅವನು ನನ್ನ ಶಿಷ್ಯನಾಗಿದ್ದರೆ ನನ್ನ ಬಳಿಗೆ ಕಳುಹಿಸಿ; ತಪ್ಪು ನನ್ನದೂ ಇರಬಹುದು.

ಇನ್ನು ತಮ್ಮನ ಮಗನಿಗೆ. ಮಗು, ಜಂತೆಗೆ ಗೆದ್ದಲು ಹಿಡಿದಿರುವುದು ನಿಜ. ಬರುವ ಮಳೆಗಾಲಕ್ಕೆ ಮುಂಚೆ ರಿಪೇರಿ ಆಗಲೇಬೇಕು. ಕೊಡುತ್ತೇನೆಂದ ದುಡ್ಡನ್ನು ಕೊಡು, ಬೇಡವೆನ್ನುವುದಿಲ್ಲ. ಆದರೆ ಅದು ಹೊಸ ಜಂತೆಗೆ. ಬರುವ ಏಪ್ರಿಲ್‌ನಲ್ಲಿ ಮೂರು ದಿನ ರಜೆ ಹಾಕಿ ಬಾ. ಒಂದು ರಾತ್ರಿ ನಾನು ಕಟ್ಟಿಸಿದ ಮೋಲ್ಡಿನ ಕೆಳಗೆ ಮಲಗು, ಒಂದು ರಾತ್ರಿ ನಿನ್ನಜ್ಜಿ ಮಲಗುತ್ತಿದ್ದ ಜಾಗದಲ್ಲಿ ಮಲಗು. ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಹಿತ್ತಲಲ್ಲಿ ಮೇವು ತುಂಬಿರುವ ಶೀಟಿನ ಕೊಟ್ಟಿಗೆಯಲ್ಲಿ ಇಬ್ಬರೂ ಕುಳಿತು ಈ ಮಾತನ್ನು ಮುಂದುವರಿಸೋಣ.

ಓದುಗರಲ್ಲೊಂದು ವಿನಂತಿ. ತುಳಿದು ಹದಮಾಡಿ ಮಾಳಿಗೆಗೆ ಮಣ್ಣು ಹಾಕಬಲ್ಲ ಕೆಲಸಗಾರರು ನಮ್ಮೂರಿನಲ್ಲಿ ಈಗ ಸಿಗುತ್ತಿಲ್ಲ. ಚಳ್ಳಕೆರೆ, ನಾಯಕನಹಟ್ಟಿ, ಹಿರಿಯೂರಿನ ಕಡೆ ಅಂಥವರು ಯಾರಾದರೂ ಇದ್ದರೆ, ಒಳ್ಳೆಯ ಚೌಳು ಮಣ್ಣು ಸಿಗುವ ಜಾಗ ಗೊತ್ತಿದ್ದರೆ, ದಯವಿಟ್ಟು ತಿಳಿಸಿ. ಮತ್ತು ಅಂದು ಹಿಂದಿನ ಸಾಲಿನಿಂದ ಎದ್ದು ಪ್ರಶ್ನೆ ಕೇಳಿದವನು ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ: ಅಪ್ಪಾ, ನಿನ್ನ ಪ್ರಶ್ನೆಗೆ ಉತ್ತರ ಬರೆದಿದ್ದೇನೆ. ತಡವಾಯಿತು.